ಗುಡ್ಡದ ಮೇಲೊಂದು ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸುತ್ತ ಗುಡ್ಡದ ಮೇಲೆ ಮನೆ ಕಟ್ಟಬೇಕು ಅನ್ನುವವರು ಜಾಸ್ತಿಯಾಗುತ್ತಿದ್ದಾರೆ. ಮನೆ ವಿನ್ಯಾಸ ನನ್ನ ಕೆಲಸವಾದ್ದರಿಂದ ಫೋನಿನಲ್ಲಿ, ಸೈಟಿನಲ್ಲಿ, ಮದುವೆ ಊಟದ ಸಾಲಿನಲ್ಲೂ ಪ್ರಶ್ನೆಗಳು ಬರುತ್ತವೆ. ಊರು ಬೇರೆ, ಬಜೆಟ್ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಅವೇ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಸುಲಭದ್ದು ಮೊದಲು, ಎಂಜಿನಿಯರ್ ಜೊತೆ ಕೂತು ಮಾತಾಡಬೇಕಾದದ್ದು ಕೊನೆಗೆ.

## ಜಾಗ ಕೊಳ್ಳುವ ಮುಂಚೆ

ಬೆಂಗಳೂರಲ್ಲಿ ಮನೆ ಕಟ್ಟೋಕೆ ಬೆಟ್ಟ ಎಲ್ಲಿದೆ ಸಾರ್?

ಬೆಂಗಳೂರು ನಿಂತಿರುವುದೇ ಎತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಊರೊಳಗೆ ಏರುತಗ್ಗು ಬೇಕೆಂದರೆ ರಾಜರಾಜೇಶ್ವರಿ ನಗರದಂಥ ಬಡಾವಣೆಗಳಿವೆ. ಹೊರಗೆ ಹೋದರೆ ಕನಕಪುರ ರಸ್ತೆ, ಮಾಗಡಿ ರಸ್ತೆ, ರಾಮನಗರ, ದೊಡ್ಡಬಳ್ಳಾಪುರದ ಕಡೆ ಗುಡ್ಡಗಳು ಶುರುವಾಗುತ್ತವೆ. ನಂದಿಬೆಟ್ಟ 1,478 ಮೀಟರ್, ಸಾವನದುರ್ಗ 1,226 ಮೀಟರ್. ಇಂಥವನ್ನು ದೂರದಿಂದ ನೋಡಿ ಖುಷಿಪಡಬೇಕು ಅಷ್ಟೇ. ನಮಗೆ ಸಿಗುವುದು ಅವುಗಳ ಸುತ್ತಮುತ್ತಲಿನ ಚಿಕ್ಕ ಗುಡ್ಡಗಳು. ಅಕ್ಕಪಕ್ಕದ ಹೊಲಕ್ಕಿಂತ ಮೂವತ್ತು, ನಲವತ್ತು ಮೀಟರ್ ಮೇಲಿದ್ದರೂ ಮನೆಗೆ ಧಾರಾಳ.

ಎತ್ತರ ಅಂದ್ರೆ ತಂಪು ಅಲ್ವಾ?

ನೂರು ಮೀಟರ್ ಮೇಲೆ ಹೋದರೆ ಉಷ್ಣಾಂಶ ಇಳಿಯುವುದು ಸುಮಾರು 0.6 ಡಿಗ್ರಿ. ನಿಮ್ಮ ಗುಡ್ಡದ ಲೆಕ್ಕದಲ್ಲಿ ಅದು ಏನೂ ಅಲ್ಲ. ಅಲ್ಲಿ ತಂಪು ಅನ್ನಿಸುವುದು ಗಾಳಿಯಿಂದ, ಸುತ್ತ ಕಾಂಕ್ರೀಟ್ ಇಲ್ಲದಿರುವುದರಿಂದ. ಗಾಳಿ ಮನೆಯೊಳಗೆ ಬಂದು ಹೋಗಲು ದಾರಿ ಇಡದಿದ್ದರೆ ಗುಡ್ಡದ ಮೇಲೂ ಏಪ್ರಿಲ್‌ನಲ್ಲಿ ಬೆವರಬೇಕಾಗುತ್ತದೆ.

ಪೇಪರ್ ಎಲ್ಲಾ ಕ್ಲಿಯರ್ ಇದೆ ಅಂತಾರೆ. ಗುಡ್ಡದ ಜಮೀನಿಗೆ ಬೇರೆ ಏನಾದ್ರೂ ನೋಡಬೇಕಾ?

ನೋಡಲೇಬೇಕು. ಪಹಣಿ, ಮ್ಯುಟೇಶನ್ (ಖಾತೆ ಬದಲಾದ ದಾಖಲೆ), ಇಸಿ (ಋಣಭಾರ ಪತ್ರ) ಎಲ್ಲರೂ ನೋಡುತ್ತಾರೆ. ಗುಡ್ಡದ ತೊಂದರೆ ಬೇರೆ ಕಡೆ ಇರುತ್ತದೆ. ಹಿಂದೆ ಗುಡ್ಡ ಅಂದರೆ ಉಳುಮೆಗೆ ಬಾರದ, ದನ ಮೇಯುವ ನೆಲ. ಆದ್ದರಿಂದ ಸರ್ವೆ ನಂಬರಿನ ಒಂದು ಭಾಗ ಗೋಮಾಳವೋ ಖರಾಬೋ (ಸಾಗುವಳಿಗೆ ಬಾರದ್ದು ಅಂತ ದಾಖಲಾದ ನೆಲ) ಆಗಿರುವ ಸಾಧ್ಯತೆ ಜಾಸ್ತಿ. ಮಾರುವವರು ನಿಮ್ಮನ್ನು ನಿಲ್ಲಿಸಿ ಸೂರ್ಯಾಸ್ತ ತೋರಿಸಿದ ಬಂಡೆಯೇ ‘ಬಿ’ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲದಲ್ಲಿ, ಇದ್ದರೆ ಅದು ನಿಮ್ಮದಾಗುವುದಿಲ್ಲ. ಸರ್ವೆಯರ್ ಕರೆಸಿ, ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಕಲ್ಲು ನೆಡಿಸಿ, ಆಮೇಲೆ ಅಡ್ವಾನ್ಸ್ ಕೊಡಿ.

ಅರಣ್ಯ ಇಲಾಖೆಯ ಗಡಿ ಎಲ್ಲಿದೆ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ 2020ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಮಾಗಡಿ ರಸ್ತೆ ಕಡೆಯಾದರೆ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶಕ್ಕೆ ಪ್ರತ್ಯೇಕ ನಿರ್ಬಂಧಗಳಿವೆ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾಗಿದ್ದರೆ ಅಂಥ ಜಮೀನಿನ ಪರಭಾರೆಯನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಕೈ ಬದಲಾದ ಜಮೀನು ಎಷ್ಟು ವರ್ಷದ ಮೇಲಾದರೂ ತಲೆನೋವು ತರುತ್ತದೆ.

ಇನ್ನೊಂದು ವಿಷಯ, ದಾರಿ. ಗುಡ್ಡಕ್ಕೆ ಹತ್ತುವ ಬಂಡಿಜಾಡು ಯಾರ ಜಮೀನಿನ ಮೇಲೆ ಹೋಗುತ್ತದೆ? ಬಾಯಿಮಾತಿನ ದಾರಿ, ಮಾತು ಕೆಟ್ಟ ದಿನ ಮುಚ್ಚಿಹೋಗುತ್ತದೆ. ನೋಂದಣಿ ಆದ ದಾರಿ ಹಕ್ಕು ಇರಬೇಕು.

ಕನ್ವರ್ಷನ್ ಇಲ್ಲದೆ ಫಾರ್ಮ್‌ಹೌಸ್ ಅಂತ ಕಟ್ಟಬಹುದಾ?

ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಂತ ಮನೆ ಕಟ್ಟಲು ಅನುಮತಿ ಸಿಕ್ಕಿತು ಅಂತಲ್ಲ. ಕೃಷಿ ಮಾಡುವವರು ತಮ್ಮ ಹಿಡುವಳಿಯ ಶೇ 10ರ ಮಿತಿಯೊಳಗೆ ತೋಟದ ಮನೆ ಕಟ್ಟಿಕೊಳ್ಳಲು ಭೂ ಕಂದಾಯ ಕಾಯ್ದೆ ಅವಕಾಶ ಕೊಡುತ್ತದೆ. ಅಲ್ಲಿ ನಿಜವಾಗಿ ಕೃಷಿ ನಡೆಯುತ್ತಿರಬೇಕು. ಖಾಯಂ ವಾಸಕ್ಕೆ, ಬ್ಯಾಂಕ್ ಸಾಲಕ್ಕೆ ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ವಾಸಕ್ಕೆ ಬದಲಿಸುವ ಭೂ ಪರಿವರ್ತನೆ, ಮಾಡಿಸಿಕೊಳ್ಳುವುದೇ ನೆಮ್ಮದಿ.

ಸಮತಟ್ಟು ಸೈಟಿಗಿಂತ ಖರ್ಚು ಎಷ್ಟು ಜಾಸ್ತಿ ಬರುತ್ತೆ?

ನೆಲದ ಮೇಲಿನ ಮನೆಗೆ ಬಹಳ ವ್ಯತ್ಯಾಸ ಇಲ್ಲ. ಪಾಯ, ತಡೆಗೋಡೆ, ರಸ್ತೆ, ನೀರು, ಕರೆಂಟ್ ಲೈನ್, ಸಾಮಾನು ಸಾಗಣೆ, ಈ ಆರರಲ್ಲಿ ದುಡ್ಡು ಹೋಗುತ್ತದೆ. ಚದರಕ್ಕೆ (ನೂರು ಚದರ ಅಡಿಗೆ) ಇಷ್ಟು ಅಂತ ಗುತ್ತಿಗೆದಾರರು ಹೇಳುವ ರೇಟಿನಲ್ಲಿ ಈ ಆರೂ ಇರುವುದಿಲ್ಲ. ಇವನ್ನು ಬೇರೆಯಾಗಿ ಬರೆಸಿಕೊಂಡು ಕೂಡಿಸಿ ನೋಡಿ. ಮೊತ್ತ ನೋಡಿ ಎದೆ ಝಲ್ ಅಂದರೆ ಮನೆಯನ್ನು ಚಿಕ್ಕದು ಮಾಡಿ, ತಡೆಗೋಡೆಯನ್ನು ತೆಳ್ಳಗೆ ಮಾಡಬೇಡಿ.

## ಎಲ್ಲಿ ಕಟ್ಟಬೇಕು, ಹೇಗೆ ಕೂರಿಸಬೇಕು

ತುತ್ತತುದಿಯಲ್ಲೇ ಮನೆ ಬೇಕು ಅಂತ ಆಸೆ. ಅದಕ್ಕೇ ತಾನೇ ಗುಡ್ಡ ತಗೊಂಡಿದ್ದು?

ಈ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದೇ. ನೆತ್ತಿಯನ್ನು ಖಾಲಿ ಬಿಡಿ. ಮನೆಯನ್ನು ಸ್ವಲ್ಪ ಕೆಳಗೆ, ಗುಡ್ಡದ ಹೆಗಲಿಗೆ ತನ್ನಿ. ಹತ್ತು ಹದಿನೈದು ಅಡಿ ಇಳಿದರೂ ಸಾಕು.

ನಮ್ಮ ಕಡೆಯ ಹಳ್ಳಿಗಳನ್ನೇ ನೋಡಿ. ಗುಡ್ಡದ ತುದಿಯಲ್ಲಿ ಗುಡಿ ಇರುತ್ತದೆ, ಊರು ತಪ್ಪಲಲ್ಲಿರುತ್ತದೆ, ಅದಕ್ಕೂ ಕೆಳಗೆ ಕೆರೆ. ಲಾಲ್‌ಬಾಗಿನ ಬಂಡೆ ಮೇಲೆ ಇರುವುದು ಕೆಂಪೇಗೌಡರ ಗೋಪುರ, ಯಾರ ಮನೆಯೂ ಅಲ್ಲ. ತುದಿಯಲ್ಲಿ ನಾಲ್ಕೂ ಕಡೆಯಿಂದ ಗಾಳಿ ಬಡಿಯುತ್ತದೆ, ಎಲ್ಲಾ ಗೋಡೆಗೂ ಮಳೆ ಹೊಡೆಯುತ್ತದೆ, ಸಿಡಿಲಿಗೆ ನಿಮ್ಮದೇ ಎತ್ತರದ ಗುರಿ, ಮರ ಬೆಳೆಸೋಣ ಅಂದರೆ ಮಣ್ಣು ತೆಳು. ಒಂದು ಬದಿಗೆ ಇಳಿದರೆ ಬೆನ್ನಿಗೆ ಗುಡ್ಡದ ಆಸರೆ ಸಿಗುತ್ತದೆ, ಎದುರಿಗೆ ನೋಟ ಹಾಗೇ ಇರುತ್ತದೆ.

ನೋಟದ ವಿಷಯದಲ್ಲೂ ಇದೇ ಒಳ್ಳೆಯದು. ತುದಿಯಲ್ಲಿ ಮನೆ ಕಟ್ಟಿದರೆ ತುದಿಯೇ ಇರುವುದಿಲ್ಲ, ಅಲ್ಲಿ ಡೈನಿಂಗ್ ಟೇಬಲ್ ಬಂದಿರುತ್ತದೆ. ಖಾಲಿ ಬಿಟ್ಟರೆ ಸಂಜೆ ಮನೆಯಿಂದ ಹತ್ತಿ ಹೋಗಿ ಕೂರಲು ಒಂದು ಜಾಗ ಉಳಿಯುತ್ತದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1911ರಲ್ಲಿ ವಿಸ್ಕಾನ್ಸಿನ್‌ನಲ್ಲಿ ತನಗಾಗಿ ಕಟ್ಟಿಕೊಂಡ ಟ್ಯಾಲಿಯೆಸಿನ್ ಮನೆಯೂ ಗುಡ್ಡದ ನೆತ್ತಿ ಬಿಟ್ಟು ಇಳಿಜಾರನ್ನು ಸುತ್ತುವರಿದಿದೆ. ಕೆಳಗಿನ ರಸ್ತೆಯಲ್ಲಿ ಓಡಾಡುವ ಊರಿನವರಿಗೂ ಆ ಗುಡ್ಡದ ಗೆರೆ ಸೇರಿದ್ದು. ಅವರು ಹುಟ್ಟಿದಾಗಿನಿಂದ ನೋಡುತ್ತಿರುವ ಗೆರೆಯನ್ನು ನಮ್ಮ ನೀರಿನ ಟ್ಯಾಂಕ್ ಮುರಿಯಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಪ್ಲಾನ್ ಹಾಕಿಸೋಕೆ ಮುಂಚೆ ಏನು ಮಾಡಿಸಬೇಕು?

ಕಾಂಟೂರ್ ಸರ್ವೆ. ಒಂದೇ ಎತ್ತರದ ಜಾಗಗಳನ್ನು ಸೇರಿಸಿ, ಅರ್ಧ ಮೀಟರ್ ಎತ್ತರಕ್ಕೊಂದರಂತೆ ಗೆರೆ ಎಳೆದ ನಕ್ಷೆ, ಅದರಲ್ಲಿ ಪ್ರತಿ ಮರ, ಪ್ರತಿ ಬಂಡೆ, ಮಳೆನೀರು ಹರಿದ ಪ್ರತಿ ಕೊರಕಲು ಇರಬೇಕು. ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರ ಇಟ್ಟು ಮಾಡುತ್ತಾರೆ.

ಆದರೂ ಒಮ್ಮೆ ಹಳೇ ಮೇಸ್ತ್ರಿ ಒಬ್ಬರನ್ನು ಕರೆದುಕೊಂಡು ಹೋಗಿ ಟ್ಯೂಬ್ ಲೆವೆಲ್ ಹಿಡಿಸಿ ನೋಡಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗುಳ್ಳೆ ಹೋಗುವವರೆಗೆ ಬೆರಳಲ್ಲಿ ತಟ್ಟುತ್ತಾರೆ. ಒಬ್ಬರು ಒಂದು ತುದಿಯನ್ನು ಗೂಟಕ್ಕೆ ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಇಳಿಜಾರಿನಲ್ಲಿ ಅಡ್ಡಡ್ಡ ನಡೆಯುತ್ತಾರೆ. ನೀರು ಗುರುತಿಗೆ ಬಂದು ನಿಂತ ಕಡೆ ಸುಣ್ಣದ ಚುಕ್ಕೆ. ಹತ್ತು ಹನ್ನೆರಡು ಚುಕ್ಕೆ ಬೀಳುವ ಹೊತ್ತಿಗೆ ನೆಲದ ಮೇಲೆ ಬಿಳಿ ಗೆರೆಯೊಂದು ಬಾಗಿ ಬಾಗಿ ಹೋಗಿರುತ್ತದೆ. ಮನೆ ಆ ಗೆರೆಯ ಉದ್ದಕ್ಕೆ ಮಲಗಬೇಕು, ಅದನ್ನು ಅಡ್ಡ ಕತ್ತರಿಸಬಾರದು. ನಕ್ಷೆ ನೋಡಿ ಅರ್ಥವಾಗದ ಮನೆಯವರಿಗೂ ಆ ಸುಣ್ಣದ ಗೆರೆ ನೋಡಿದ ಕೂಡಲೇ ಅರ್ಥವಾಗಿಬಿಡುತ್ತದೆ.

ಸಾಧ್ಯವಾದರೆ ಒಂದು ಮಳೆಗಾಲ ಕಾಯಿರಿ. ಕೊಳ್ಳುವುದು ಡಿಸೆಂಬರ್‌ನಲ್ಲಾದರೆ ಮುಂದಿನ ಅಕ್ಟೋಬರ್ ತನಕ ಪ್ಲಾನ್ ಮಾಡುತ್ತಾ, ಬದಲಾಯಿಸುತ್ತಾ ಇರಿ. ಜೋರು ಮಳೆ ಬಂದ ಮರುದಿನ ಹೋಗಿ ನೀರು ಎಲ್ಲಿಂದ ಇಳಿದಿದೆ ನೋಡಿ.

ಜೆಸಿಬಿ ತಂದು ಮಟ್ಟ ಮಾಡಿಸಿದ್ರೆ ಮುಗೀತಲ್ವಾ?

ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಇಳಿಜಾರನ್ನು ಅರ್ಧ ಕಡಿದು, ಆ ಮಣ್ಣನ್ನು ಉಳಿದರ್ಧಕ್ಕೆ ತುಂಬಿ ಸಮ ಮಾಡುತ್ತಾರೆ. ಕಡಿದ ಭಾಗ ಗಟ್ಟಿ, ತುಂಬಿದ ಭಾಗ ಸಡಿಲ. ಎರಡರ ಮೇಲೂ ಒಂದೇ ಮನೆ ನಿಂತರೆ ತುಂಬಿದ ಕಡೆ ಕುಸಿಯುತ್ತದೆ, ಗೋಡೆಯಲ್ಲಿ ಓರೆ ಬಿರುಕು ಬರುತ್ತದೆ. ಜೊತೆಗೆ ಮೇಲ್ಮಣ್ಣು ಹೋದರೆ ಮತ್ತೆ ಬರಲು ತಲೆಮಾರುಗಳೇ ಬೇಕು.

ಮನೆಯನ್ನು ಎರಡು ಮೂರು ಮಟ್ಟದಲ್ಲಿ ಇಳಿಸಿ. ಹಾಲ್ ಒಂದು ಮಟ್ಟ, ಮಲಗುವ ಕೋಣೆಗಳು ಮೂರು ಅಡಿ ಕೆಳಗೆ. ಇಲ್ಲವಾದರೆ ಕೆಳಗಿನ ಬದಿಯನ್ನು ಪಿಲ್ಲರ್ ಮೇಲೆ ನಿಲ್ಲಿಸಿ, ಮಣ್ಣನ್ನು ಮುಟ್ಟಲೇಬೇಡಿ. ಭಾರ ಹೊರುವ ಪಾಯ ಎಲ್ಲೂ ತುಂಬಿದ ಮಣ್ಣಿನ ಮೇಲೆ ಇರಬಾರದು, ಮೂಲ ನೆಲದವರೆಗೂ ಇಳಿಯಬೇಕು.

ಎಲ್ಲಾ ಬಂಡೆ. ಪಾಯ ತೋಡೋದು ಹೇಗೆ?

ಗಟ್ಟಿ ಬಂಡೆ ಇದ್ದರೆ ಪಾಯದ ವಿಷಯದಲ್ಲಿ ನೀವು ಅದೃಷ್ಟವಂತರು. ರಾಮನಗರದ ಕಡೆಯ ಕ್ಲೋಸ್‌ಪೇಟ್ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ, ಲಾಲ್‌ಬಾಗಿನ ನೈಸ್ ಶಿಲೆ ಅದಕ್ಕೂ ಹಳೆಯದು. ನಿಮ್ಮ ಮನೆ ಅದಕ್ಕೆ ಭಾರವೇ ಅಲ್ಲ. ಬಂಡೆಯ ಮುಖವನ್ನು ಒರಟು ಮಾಡಿ, ರಂಧ್ರ ಕೊರೆದು ಕಂಬಿ ಕೂರಿಸಿ, ಅದರ ಮೇಲೆ ಪಿಲ್ಲರ್ ಎಬ್ಬಿಸುತ್ತಾರೆ.

ನೋಡಬೇಕಾದದ್ದು, ಅದು ನೆಲಕ್ಕೆ ಬೇರುಬಿಟ್ಟ ಬಂಡೆಯೋ, ಮಣ್ಣಿನಲ್ಲಿ ಕೂತ ದೊಡ್ಡ ಗುಂಡೋ ಅನ್ನುವುದು. ನಮ್ಮ ಕಡೆ ಎರಡೂ ಇವೆ. ಕೆಂಪು ಮಣ್ಣಿನೊಳಗೆ ಲಾರಿ ಗಾತ್ರದ ಗುಂಡುಗಳು ಹೂತಿರುತ್ತವೆ, ಮೇಲಿಂದ ಬಂಡೆ ಅನ್ನಿಸುತ್ತದೆ. ಮೂರು ನಾಲ್ಕು ಕಡೆ ಬೋರ್ ಹೊಡೆಸಿ ಮಣ್ಣು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಒಡೆಯಲೇಬೇಕು ಅಂದರೆ ಸಿಡಿಮದ್ದು ಬೇಡ, ಅದಕ್ಕೆ ಪರವಾನಗಿಯೂ ಬೇಕು, ಪಕ್ಕದ ಬಂಡೆಗಳೂ ಸಡಿಲವಾಗುತ್ತವೆ. ಚಾಣ ಹೊಡೆದು ಸೀಳುವವರು ಈಗಲೂ ಇದ್ದಾರೆ. ಹಾಗೆ ಬಂದ ಕಲ್ಲು ನಿಮ್ಮ ತಡೆಗೋಡೆಗೇ ಆಗುತ್ತದೆ.

ವಾಸ್ತು ಪ್ರಕಾರ ಈಶಾನ್ಯ ತಗ್ಗಿರಬೇಕಂತೆ. ನಮ್ಮ ಗುಡ್ಡ ಪಶ್ಚಿಮಕ್ಕೆ ಇಳಿಯುತ್ತೆ. ಏನು ಮಾಡೋದು?

ಮನೆಯವರಿಗೆ ನಂಬಿಕೆ ಇದ್ದರೆ ಅದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಪೂರ್ವಕ್ಕೋ ಉತ್ತರಕ್ಕೋ ಇಳಿಯುವ ಗುಡ್ಡ ನಮ್ಮ ಹವಾಮಾನಕ್ಕೂ ಹಿತ, ಪೂರ್ವಕ್ಕೆ ಇಳಿದರೆ ಸಂಜೆ ಬಿಸಿಲು ಬೆನ್ನಿಗೆ ಹೋಗುತ್ತದೆ. ಕೊಂಡಾದ ಮೇಲೆ ಗುಡ್ಡವನ್ನೇ ತಿರುಗಿಸಲು ಹೋಗಬೇಡಿ. ಅಡುಗೆಮನೆ, ದೇವರಮನೆ, ಬಾಗಿಲು ಇವನ್ನು ಬೇಕಾದ ದಿಕ್ಕಿಗೆ ಹೊಂದಿಸಬಹುದು. ನೀರು ಇಳಿಯುವ ದಿಕ್ಕನ್ನು ಮಣ್ಣು ತುಂಬಿ ಬದಲಾಯಿಸಿದ ಮನೆಗಳಲ್ಲಿ ಗೋಡೆ ಸದಾ ಒದ್ದೆ.

ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಮೆಟ್ಟಿಲು ಕಷ್ಟ ಆಗಲ್ವಾ?

ಕಾರು ನಿಲ್ಲುವ ಮಟ್ಟದಲ್ಲೇ ಅವರ ಕೋಣೆ, ಬಚ್ಚಲು, ಅಡುಗೆಮನೆ, ಜಗಲಿ ಬರಲಿ. ಉಳಿದದ್ದು ಕೆಳಗೆ ಇಳಿಯಲಿ. ಮನೆಗೆ ಮೇಲಿನಿಂದ ಪ್ರವೇಶ ಕೊಟ್ಟರೆ ಇದು ಸುಲಭ. ಮೆಟ್ಟಿಲು ಆರು ಇಂಚಿಗಿಂತ ಎತ್ತರ ಬೇಡ. ಒಂಟಿ ಮೆಟ್ಟಿಲು ಎಲ್ಲೂ ಇಡಬೇಡಿ, ಎಡವುವುದು ಅಲ್ಲೇ.

## ಬಿಸಿಲು, ಗಾಜು, ಮಾಡು

ಪಶ್ಚಿಮಕ್ಕೆ ಸೂಪರ್ ವ್ಯೂ ಇದೆ. ಪೂರ್ತಿ ಗ್ಲಾಸ್ ಹಾಕಬಹುದಾ?

ಹಾಕಬಹುದು, ಏಪ್ರಿಲ್‌ನಲ್ಲಿ ಆ ಕೋಣೆಗೆ ಸಂಜೆ ಹೋಗದೆ ಇರುವುದಾದರೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ಕಂಬದ ನೆರಳು ಕಂಬದ ಬುಡಕ್ಕೇ ಬೀಳುತ್ತದೆ. ದಕ್ಷಿಣಕ್ಕೆ ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಸೂರ್ಯ 53 ಡಿಗ್ರಿಗಿಂತ ಕೆಳಗೆ ಬರುವುದಿಲ್ಲ. ಮೂರು ಅಡಿ ಸಜ್ಜಾ ಹಾಕಿದರೆ ಆಗಲೂ ಕಿಟಕಿಯ ಮೇಲಿನ ನಾಲ್ಕು ಅಡಿ ನೆರಳಿನಲ್ಲಿರುತ್ತದೆ. ಆದ್ದರಿಂದ ದಕ್ಷಿಣ, ಉತ್ತರಕ್ಕೆ ಸಜ್ಜಾ ಸಾಕು. ಪಶ್ಚಿಮದ ಇಳಿಬಿಸಿಲು ಎಷ್ಟೇ ಉದ್ದದ ಸಜ್ಜಾ ಇದ್ದರೂ ಅದರ ಕೆಳಗಿನಿಂದ ಒಳಗೆ ಬರುತ್ತದೆ.

ನಾನು ಪಶ್ಚಿಮದಲ್ಲಿ ಎಂಟು ಹತ್ತು ಅಡಿ ಅಗಲದ ಜಗಲಿ ಇಡುತ್ತೇನೆ, ಅದರ ಅಂಚಿಗೆ ಸರಿಸುವ ಮರದ ಜಾಲರಿ ಅಥವಾ ಬಿದಿರಿನ ತಟ್ಟಿ. ಸಂಜೆ ನೋಟವನ್ನು ಜಗಲಿಯಲ್ಲಿ ಕೂತು ನೋಡಿ. ಗಾಜು ಅದರ ಹಿಂದೆ ನೆರಳಿನಲ್ಲಿರಲಿ. ಇನ್ನೊಂದು ಮಾತು: ದೊಡ್ಡ ಗಾಜಿನಲ್ಲಿ ಆಕಾಶ ಕಂಡು ಹಕ್ಕಿಗಳು ಬಂದು ಬಡಿಯುತ್ತವೆ. ಜಾಲರಿ ಇದ್ದರೆ ಅವೂ ಉಳಿಯುತ್ತವೆ.

ಎಲ್ಲಾ ಕೋಣೆಯಿಂದ್ಲೂ ವ್ಯೂ ಕಾಣಬೇಕು ಅಂದ್ರೆ ತಪ್ಪಾ?

ತಪ್ಪಲ್ಲ, ನಷ್ಟ. ಸದಾ ಕಣ್ಣೆದುರು ಇರುವ ನೋಟವನ್ನು ಆರು ತಿಂಗಳಿಗೆ ಕಣ್ಣು ಬಿಟ್ಟುಬಿಡುತ್ತದೆ. ಬಾಗಿಲಲ್ಲಿ ಸ್ವಲ್ಪ ಮುಚ್ಚಿಡಿ, ನಡುವೆ ಒಂದು ತಗ್ಗು ಕಿಟಕಿಯಲ್ಲಿ ಬಂಡೆ ಮಾತ್ರ ತೋರಿಸಿ, ಹಾಲಿಗೆ ಬಂದಾಗ ಬಯಲು ತೆರೆದುಕೊಳ್ಳಲಿ. ಓದುವ ಕೋಣೆಗೆ ಗುಡ್ಡದ ಕಡೆಗೇ ಕಿಟಕಿ ಇಟ್ಟರೆ ಹುಲ್ಲು, ಕಲ್ಲು, ಓತಿಕ್ಯಾತ ಹತ್ತಿರದಿಂದ ಕಾಣುತ್ತವೆ. ಅದೂ ನೋಟವೇ.

ಮಾಡರ್ನ್ ಮನೆ ಬೇಕು, ಆದ್ರೆ ತೊಟ್ಟಿನೂ ಬೇಕು. ಆಗುತ್ತಾ?

ಗುಡ್ಡದ ಮೇಲೆ ತೊಟ್ಟಿಗೆ ಬಯಲುಸೀಮೆಯ ಮನೆಗಿಂತ ದೊಡ್ಡ ಕೆಲಸ ಇದೆ. ಗಾಳಿ ಜೋರಿದ್ದಾಗ ಹೊರಗೆ ಕೂರಲು ಆಗದ ದಿನಗಳಲ್ಲಿ ಗೋಡೆಗಳ ನಡುವಿನ ತೊಟ್ಟಿಯೇ ನಿಮ್ಮ ಅಂಗಳ. ನಾಲ್ಕು ಕಡೆ ಮುಚ್ಚಬೇಕಾಗಿಲ್ಲ. ಮೂರು ಕಡೆ ಮನೆ, ನಾಲ್ಕನೆಯದು ಗುಡ್ಡದ ಕಲ್ಲೇ ಆದರೆ ಚೆಂದ.

ಫ್ಲಾಟ್ ರೂಫಾ, ಹೆಂಚಾ?

ಬಹಳ ಗಾಳಿ ಇರುವ ಕಡೆ ಹೆಂಚಿಗಿಂತ ಆರ್‌ಸಿಸಿ ಮೇಲು. ಹೆಂಚೇ ಬೇಕಾದರೆ ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಹೆಂಚು ಕೂರಿಸಿ, ಅಂಚಿನ ಸಾಲುಗಳನ್ನು ತಂತಿ ಕಟ್ಟಿ ಭದ್ರ ಮಾಡಿ. ಫ್ಲಾಟ್ ರೂಫ್ ಆದರೆ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಬಹುದು. ತುದಿಯಿಂದ ಕೆಳಗೆ ನೋಡಿದಾಗ ಮನೆ ಗುಡ್ಡದೊಳಗೆ ಸೇರಿಹೋಗುತ್ತದೆ. ವಾಟರ್‌ಪ್ರೂಫಿಂಗ್ ಮಾಡಿ ಮೂರು ದಿನ ನೀರು ನಿಲ್ಲಿಸಿ ನೋಡಿದ ಮೇಲೆ ಮಣ್ಣು.

ಅಲ್ಲಿನ ಮಣ್ಣಲ್ಲೇ ಇಟ್ಟಿಗೆ ಮಾಡಬಹುದಾ?

ಮಾಡಬಹುದು, ಮತ್ತು ಇದರಲ್ಲಿ ಬೆಂಗಳೂರಿಗೆ ಹೆಮ್ಮೆಯ ಪರಂಪರೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ ಬಳಕೆಗೆ ತಂದರು. ಮಣ್ಣಿಗೆ ಮರಳು ಅಥವಾ ಕಲ್ಲುಪುಡಿ, ಜೊತೆಗೆ ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ. ಸುಡಬೇಕಾಗಿಲ್ಲ, ಮೂರು ನಾಲ್ಕು ವಾರ ನೀರು ಹಾಕಿದರೆ ಸಾಕು. ಪಾಯ, ಸಂಪು ತೋಡಿದ ಮಣ್ಣು ಅಲ್ಲೇ ಗೋಡೆಯಾಗುತ್ತದೆ, ಲಾರಿಗಟ್ಟಲೆ ಇಟ್ಟಿಗೆ ಗುಡ್ಡ ಹತ್ತಿಸುವ ಖರ್ಚು ಉಳಿಯುತ್ತದೆ. ಮೇಲ್ಮಣ್ಣು ಮಾತ್ರ ಬಳಸಬೇಡಿ, ಅದು ಗಿಡಗಳ ಪಾಲು. ಮಳೆ ನೇರ ಬಡಿಯುವ ಗೋಡೆಗೆ ಸೂರು ಮುಂದಕ್ಕೆ ಚಾಚಿರಲಿ.

## ನೀರು, ಕೊಳಚೆ, ಕರೆಂಟ್

ಗುಡ್ಡದ ಮೇಲೆ ಬೋರ್ ಹಾಕಿದ್ರೆ ನೀರು ಬರುತ್ತಾ?

ಅದರ ಮೇಲೆ ಭರವಸೆ ಇಟ್ಟು ಮನೆ ಕಟ್ಟಬೇಡಿ. ಗಟ್ಟಿ ಕಲ್ಲಿನ ಪ್ರದೇಶದಲ್ಲಿ ನೀರಿರುವುದು ಬಿರುಕುಗಳಲ್ಲಿ, ತುದಿಯಿಂದ ಅದು ಕೆಳಕ್ಕೆ ಹೋಗಿರುತ್ತದೆ. ಬದಲಿಗೆ ಮಳೆ ಲೆಕ್ಕ ಹಾಕಿ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 150 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 1,45,500 ಲೀಟರ್ ಬೀಳುತ್ತದೆ. ಸೋರಿದ್ದು, ಆವಿಯಾದದ್ದು ಕಳೆದು 1,20,000 ಲೀಟರ್ ಕೈಗೆ ಸಿಗುತ್ತದೆ ಅನ್ನಿ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ 540 ಲೀಟರ್. ಅಂದರೆ ಏಳು ತಿಂಗಳಿಗೂ ಜಾಸ್ತಿ ಬರುವ ನೀರು ನಿಮ್ಮ ಮಾಡಿನ ಮೇಲೇ ಇದೆ. ಮಿತವಾಗಿ ಬಳಸಿ, ಸ್ನಾನದ ನೀರನ್ನು ಗಿಡಕ್ಕೆ ಬಿಟ್ಟರೆ ವರ್ಷ ದಾಟಬಹುದು.

ಕಷ್ಟ ಇರುವುದು ಶೇಖರಣೆಯಲ್ಲಿ. ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಮಳೆ ಇಲ್ಲ ಅಂತಲೇ ಲೆಕ್ಕ. ಆ ನೂರು ಚಿಲ್ಲರೆ ದಿನಕ್ಕೆ 55,000ದಿಂದ 60,000 ಲೀಟರ್ ಸಂಪು ಬೇಕು. ಇದನ್ನು ಆಮೇಲೆ ಸೇರಿಸಲು ಆಗುವುದಿಲ್ಲ. ಜಗಲಿಯ ಕೆಳಗೋ ಕಾರು ನಿಲ್ಲಿಸುವ ಜಾಗದ ಕೆಳಗೋ ಮೊದಲೇ ಜಾಗ ಇಡಿ. ಶೋಧಕಗಳ ಬಗೆ ನೋಡಬೇಕಾದರೆ ಜಯನಗರದ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಹೋಗಿ ಬನ್ನಿ. ಕೆಳಗಿನ ಹೊಲದಲ್ಲಿ ಬೋರ್ ಇದ್ದು ಪಂಪ್ ಮಾಡುವುದಾದರೆ ಪ್ರತಿ 10 ಮೀಟರ್ ಏರಿಗೆ ಸುಮಾರು ಒಂದು ಬಾರ್ ಒತ್ತಡ. ಪೈಪನ್ನು ಅದಕ್ಕೆ ತಕ್ಕಂತೆ ತೆಗೆದುಕೊಳ್ಳಿ.

ಸೆಪ್ಟಿಕ್ ಟ್ಯಾಂಕ್ ಸಾಕಾಗಲ್ವಾ?

ಬಂಡೆಯಲ್ಲಿ ಇಂಗುಗುಂಡಿ ಇಂಗುವುದಿಲ್ಲ. ಟ್ಯಾಂಕಿನಿಂದ ಹೊರಬಂದ ನೀರು ಬಂಡೆ ಮೇಲೆ ಜಾರಿ ಕೆಳಗಿನವರ ಬಾವಿಗೋ ಹೊಲಕ್ಕೋ ಹೋಗುತ್ತದೆ. ಟ್ಯಾಂಕಿನ ನಂತರ ಜಲ್ಲಿ ತುಂಬಿದ ತೊಟ್ಟಿ ಕಟ್ಟಿ ಅದರಲ್ಲಿ ಕಾಬಾಳೆ, ಜೊಂಡು ಬೆಳೆಸಿ. ಬೇರುಗಳ ನಡುವೆ ಹಾದು ಬಂದ ನೀರನ್ನು ತೋಟಕ್ಕೆ ಬಿಡಬಹುದು. ಮಳೆನೀರಿನ ಸಂಪಿಗಿಂತ ಇದು ಕೆಳಗಿನ ಮಟ್ಟದಲ್ಲಿರಬೇಕು.

ಪೂರ್ತಿ ಸೋಲಾರ್ ಮೇಲೆ ನಡೆಸಬಹುದಾ?

ನಡೆಸಬಹುದು. ಒಂದು ಕಿಲೋವಾಟ್ ಫಲಕ ಇಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಜಾಗ ಸುಮಾರು 100 ಚದರ ಅಡಿ ಬೇಕು. ದಕ್ಷಿಣಕ್ಕೆ 13 ಡಿಗ್ರಿ ಆಸುಪಾಸು ಓರೆ. ಜೂನ್‌ನಿಂದ ಆಗಸ್ಟ್ ಮೋಡದ ಕಾಲ, ಬ್ಯಾಟರಿಯನ್ನು ಆ ದಿನಗಳ ಲೆಕ್ಕದಲ್ಲಿ ಕೊಳ್ಳಿ. ಫಲಕದ ಚೌಕಟ್ಟನ್ನು ಗಾಳಿ ಎತ್ತದಂತೆ ಸ್ಲ್ಯಾಬಿಗೇ ಬಿಗಿಯಿರಿ.

ಚಿರತೆ ಬರುತ್ತಾ? ಬೆಂಕಿ ಭಯ ಇದೆಯಾ?

ಬನ್ನೇರುಘಟ್ಟ, ಕನಕಪುರ, ಮಾಗಡಿ ಕಡೆ ಚಿರತೆ ಓಡಾಟ ಇದೆ. ನಾಯಿಯನ್ನು ರಾತ್ರಿ ಒಳಗೆ ಸೇರಿಸಿ, ಕಸ ಹೊರಗಿಡಬೇಡಿ, ಇಡೀ ಗುಡ್ಡಕ್ಕೆ ದೀಪ ಹಾಕಬೇಡಿ. ಬೆಂಕಿಯ ಭಯ ನನಗೆ ಅದಕ್ಕಿಂತ ಜಾಸ್ತಿ. ಜನವರಿಯಿಂದ ಮಾರ್ಚ್‌ವರೆಗೆ ಒಣಹುಲ್ಲು, ಲಂಟಾನ ಸುಲಭವಾಗಿ ಹತ್ತಿಕೊಳ್ಳುತ್ತವೆ, ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ವೇಗವಾಗಿ ಓಡುತ್ತದೆ. ಮನೆಯ ಕೆಳಬದಿಯಲ್ಲಿ ಮೂವತ್ತು ಅಡಿ ಅಗಲ ಹುಲ್ಲು ಕತ್ತರಿಸಿ ಬೆಂಕಿರೇಖೆ ಮಾಡಿ.

## ಎಂಜಿನಿಯರ್ ಜೊತೆ ಕೂತು ಕೇಳಬೇಕಾದವು

ಯಾವ ತಿಂಗಳಲ್ಲಿ ಕೆಲಸ ಶುರು ಮಾಡಿದ್ರೆ ಒಳ್ಳೇದು?

ಡಿಸೆಂಬರ್. ರಸ್ತೆ ಮೊದಲು, ಆಮೇಲೆ ತಡೆಗೋಡೆ, ಆಮೇಲೆ ಪಾಯ. ಏಪ್ರಿಲ್ ಕೊನೆಯ ಗುಡುಗು ಮಳೆಯ ಹೊತ್ತಿಗೆ ಪಾಯ ಮೇಲೆ ಬಂದಿರಬೇಕು, ಅಗೆದ ಮಣ್ಣು ಬಿಚ್ಚಿಕೊಂಡಿರಬಾರದು. ರಸ್ತೆಯ ಏರು ಹತ್ತಕ್ಕೆ ಒಂದಕ್ಕಿಂತ ಕಡಿದಾಗದಿರಲಿ. ತಿರುವಿನಲ್ಲಿ ಕಾಂಕ್ರೀಟ್ ಲಾರಿ ತಿರುಗುತ್ತದಾ ಅಂತ ಮೊದಲೇ ನೋಡಿ. ತಿರುಗದಿದ್ದರೆ ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕುವ ದಿನ ಪ್ರತಿ ಬಾಣಲಿಯೂ ತಲೆ ಮೇಲೆ ಹೋಗಬೇಕು.

ಪಕ್ಕದವರ ರಿಟೇನಿಂಗ್ ವಾಲ್ ಎರಡೇ ವರ್ಷಕ್ಕೆ ಬಿತ್ತು. ಯಾಕೆ?

ಹೆಚ್ಚಿನ ಸಲ ನೀರು. ಮೂರು ಮೀಟರ್ ಎತ್ತರದ ತಡೆಗೋಡೆಯ ಹಿಂದೆ ಒಣ ಮಣ್ಣಿದ್ದರೆ ಅದು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2.7 ಟನ್ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ನೀರು ತುಂಬಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಆ ತಳ್ಳು 5.8 ಟನ್ ಮುಟ್ಟುತ್ತದೆ. ಗೋಡೆ ಬದಲಾಗಿಲ್ಲ, ಭಾರ ಎರಡರಷ್ಟಾಗಿದೆ.

ಗೋಡೆ ಕಟ್ಟುವಾಗ ನೀವೇ ನಿಂತು ನೋಡಬೇಕಾದದ್ದು ಅದರ ಬೆನ್ನನ್ನು. ಗೋಡೆಗೆ ತಾಗಿದಂತೆ ಒಂದೂವರೆ ಅಡಿ ಅಗಲ ಬರೀ ಜಲ್ಲಿ, ಮಣ್ಣು ಮತ್ತು ಜಲ್ಲಿಯ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಬುಡದಲ್ಲಿ ತೂತಿನ ಪೈಪು. ಗೋಡೆಯಲ್ಲಿ ಐದಡಿಗೊಂದರಂತೆ ಮೂರು ಇಂಚಿನ ಪೈಪು, ಹೊರಕ್ಕೆ ಸ್ವಲ್ಪ ಓರೆ, ಒಳತುದಿಗೆ ಜಾಲರಿ. ಕೆಲಸದವರು ಅವಸರದಲ್ಲಿ ಜಲ್ಲಿಯ ಜಾಗಕ್ಕೂ ಅಗೆದ ಮಣ್ಣನ್ನೇ ನೂಕಿಬಿಡುತ್ತಾರೆ. ಮುಂದೆ ನಿಂತು ನೋಡಿದರೆ ಪೈಪಿನ ಬಾಯಿ ಸಾಲಾಗಿ ಚೆಂದ ಕಾಣುತ್ತದೆ, ಹಿಂದೆ ಅದು ಕೆಸರಿನಲ್ಲಿ ಮುಚ್ಚಿರುತ್ತದೆ. ಮಳೆ ಬಂದ ಮರುದಿನ ಪೈಪಿನಿಂದ ತಿಳಿನೀರು ತೊಟ್ಟಿಕ್ಕಬೇಕು. ಕೆಂಪು ನೀರು ಬಂದರೆ ಒಳಗಿನ ಮಣ್ಣು ಹೊರಡುತ್ತಿದೆ ಅಂತ ಅರ್ಥ. ಏನೂ ಬರದಿದ್ದರೆ ಇನ್ನೂ ಚಿಂತೆ.

ಸೈಜುಕಲ್ಲಿನ ಗೋಡೆಯಾದರೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಬೇಡ. ಒಂದೇ ಹನ್ನೆರಡು ಅಡಿ ಗೋಡೆಗಿಂತ, ನಡುವೆ ಅಂತರ ಬಿಟ್ಟು ನಾಲ್ಕು ನಾಲ್ಕು ಅಡಿಯ ಮೂರು ಗೋಡೆ ವಾಸಿ. ಅಂತರದಲ್ಲಿ ಲಾವಂಚ ನೆಡಿ, ಬೇರು ಆಳಕ್ಕೆ ನೇರ ಇಳಿದು ಮಣ್ಣು ಹಿಡಿಯುತ್ತದೆ.

ಗಾಳಿ ಲೆಕ್ಕ ಬೇರೆ ಮಾಡಿಸಬೇಕಾ? ಬೆಂಗಳೂರಲ್ಲಿ ಚಂಡಮಾರುತ ಇಲ್ವಲ್ಲ?

ಮಾಡಿಸಬೇಕು. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಬೆಂಗಳೂರಿಗೆ ಕೊಡುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಅದೇ ಪುಸ್ತಕ ಗುಡ್ಡ, ದಿಣ್ಣೆಗಳ ಮೇಲೆ ವೇಗವನ್ನು 1.36 ಪಟ್ಟುವರೆಗೆ ಹೆಚ್ಚಿಸಲು ಹೇಳುತ್ತದೆ. ಒತ್ತಡ ಏರುವುದು ವೇಗದ ವರ್ಗದಲ್ಲಿ. ಸರಳ ಲೆಕ್ಕದಲ್ಲಿ ಬಯಲಿನಲ್ಲಿ ಚದರ ಮೀಟರಿಗೆ ಸುಮಾರು 65 ಕೆಜಿ ಇರುವ ಒತ್ತಡ ತುದಿಯಲ್ಲಿ 120 ಕೆಜಿ ದಾಟುತ್ತದೆ. ಹತ್ತಡಿ ಅಗಲ, ಎಂಟಡಿ ಎತ್ತರದ ಒಂದು ಗಾಜಿನ ಬಾಗಿಲ ಮೇಲೆ ಅದು ಮುಕ್ಕಾಲು ಟನ್ನಿಗಿಂತ ಜಾಸ್ತಿ. ಗಾಜಿನ ದಪ್ಪ, ಚೌಕಟ್ಟು, ಶೀಟಿನ ಮಾಡಿನ ಬೋಲ್ಟು, ಕಾರ್ ಪೋರ್ಚಿನ ಕಂಬ ಎಲ್ಲಕ್ಕೂ ಈ ಲೆಕ್ಕ ಬೇಕು. ನಿಮ್ಮ ಎಂಜಿನಿಯರ್ ಗುಡ್ಡಕ್ಕೆ ವೇಗವನ್ನು ಎಷ್ಟು ಪಟ್ಟು ಹಿಡಿದಿದ್ದಾರೆ ಕೇಳಿ. ‘ಒಂದು’ ಅಂದರೆ ಅವರು ಸೈಟು ನೋಡಿಲ್ಲ.

ಸಿಡಿಲಿಗೆ ಒಂದು ಕಂಬಿ ನಿಲ್ಲಿಸಿದ್ರೆ ಸಾಲದಾ?

ಕಂಬಿ ಸುಲಭ, ಭೂಸಂಪರ್ಕ ಕಷ್ಟ. ಬಂಡೆ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದಿಲ್ಲ. ಒಂದು ಗುಂಡಿ ತೋಡಿ ಪೈಪ್ ಇಳಿಸಿದರೆ ಆಗದು. ಮನೆಯ ಸುತ್ತ ತಾಮ್ರ ಅಥವಾ ಗ್ಯಾಲ್ವನೈಸ್ಡ್ ಪಟ್ಟಿಯ ಉಂಗುರ ಹೂತು, ಮಣ್ಣು ಆಳವಿರುವ ಕಡೆಗೆ ಅದನ್ನು ಎಳೆದು ಜೋಡಿಸಬೇಕು. ಸಿಡಿಲು ರಕ್ಷಣೆಯ ಮಾನಕ ಐಎಸ್/ಐಇಸಿ 62305 ಪ್ರಕಾರ ಮಾಡಿಸಿ. ಮೀಟರ್ ಬೋರ್ಡಿನಲ್ಲಿ, ಸೋಲಾರ್ ಇನ್ವರ್ಟರಿನಲ್ಲಿ ವೋಲ್ಟೇಜ್ ಒಮ್ಮೆಲೇ ಏರುವುದನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಇರಲಿ.

ಹಾಲ್ ಗಾಳಿಯಲ್ಲಿ ತೇಲ್ತಿರೋ ಹಾಗೆ ಕ್ಯಾಂಟಿಲಿವರ್ ಮಾಡಬಹುದಾ?

ಕೆಳಗೆ ಕಂಬ ಇಲ್ಲದೆ ಐದಾರು ಅಡಿ ಚಾಚುವುದು ಸಾಮಾನ್ಯ. ಹದಿನೈದು ಅಡಿ ಅಂದರೆ ಒಳಗೆ ಕನಿಷ್ಠ ಮೂವತ್ತು ಅಡಿ ಬೆನ್ನಿನ ಭಾರ ಬೇಕು, ತೊಲೆಗಳು ದಪ್ಪವಾಗುತ್ತವೆ, ನಡೆದರೆ ನೆಲ ಅಲುಗಾಡದಂತೆ ನೋಡಬೇಕು. ಚಾಚಿದ ಭಾಗದ ಕೆಳಗೆ ಬಚ್ಚಲಿನ ಪೈಪುಗಳು ತೂಗಾಡದ ಹಾಗೆ ಪ್ಲಾನ್ ಮಾಡಿ. ಕೆಳಗಿನಿಂದ ಬರುವವರಿಗೆ ಮನೆಯ ಮುಖ ಅದೇ. ಅಂಚಿಲ್ಲದ ಈಜುಕೊಳವನ್ನು ಇದರ ತುದಿಗೆ ಕೇಳುವವರಿಗೆ ನಾನು ಬೇಡ ಅನ್ನುತ್ತೇನೆ. ಕೊಳವನ್ನು ನೆಲದ ಮೇಲೆ, ಕಡಿದ ಗಟ್ಟಿ ಭಾಗದಲ್ಲಿ ಕೂರಿಸಿ.

ಇಳಿಜಾರಲ್ಲಿ ಪಿಲ್ಲರ್‌ಗಳು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ತೊಂದರೆ ಇದೆಯಾ?

ಇದೆ, ಮತ್ತು ನೋಡಿದವರಿಗೆ ಅನ್ನಿಸುವುದಕ್ಕೆ ತದ್ವಿರುದ್ಧ. ಎಲ್ಲರೂ ಕೆಳಬದಿಯ ಉದ್ದ ಪಿಲ್ಲರ್ ನೋಡಿ ಹೆದರುತ್ತಾರೆ. ನೆಲ ಅಡ್ಡಕ್ಕೆ ಅಲುಗಿದಾಗ ಏಟು ತಿನ್ನುವುದು ಮೇಲ್ಬದಿಯ ಗಿಡ್ಡ ಪಿಲ್ಲರ್. ಅದು ಬಾಗುವುದಿಲ್ಲ, ಬಿಗಿಯಾಗಿ ನಿಂತು ಇಡೀ ಮನೆಯ ಬಲವನ್ನು ತನ್ನ ಮೇಲೆ ಎಳೆದುಕೊಂಡು ಓರೆಯಾಗಿ ಸೀಳುತ್ತದೆ. ಬೆಂಗಳೂರಿನಲ್ಲಿ ಭೂಕಂಪದ ಅಪಾಯ ಕಡಿಮೆ, ನಿಜ. ಗುಡ್ಡದ ಅಂಚಿನ ಮನೆಯಲ್ಲಿ ಗಾಳಿಯೂ ಅಡ್ಡಕ್ಕೇ ತಳ್ಳುತ್ತದೆ. ಗಿಡ್ಡ ಪಿಲ್ಲರ್‌ಗೆ ಪೂರ್ತಿ ಎತ್ತರಕ್ಕೂ ಒತ್ತೊತ್ತಾಗಿ ಕಂಬಿಯ ರಿಂಗ್ ಕಟ್ಟಿಸಿ, ಉದ್ದ ಪಿಲ್ಲರ್‌ಗಳ ನಡುವೆ ಅಡ್ಡತೊಲೆ ಅಥವಾ ಕಾಂಕ್ರೀಟ್ ಗೋಡೆ ಕೊಡಿಸಿ. ಎರಡನ್ನೂ ಸೆಂಟ್ರಿಂಗ್ ಹಲಗೆ ಮುಚ್ಚುವ ಮುಂಚೆ ಎಂಜಿನಿಯರ್ ಬಂದು ನೋಡಿ, ಡ್ರಾಯಿಂಗ್ ಮೇಲೆ ಸಹಿ ಹಾಕಬೇಕು.